ಅಮೆರಿಕದ ಕಪ್ಪು ಕಲಾವಿದ ಪಾಲ್ ರಾಬ್ಸನ್ ಇಷ್ಟು ದೊಡ್ಡ ನಟ, ಗಾಯಕ ಆಗಿದ್ದೂ ಹಾಲಿವುಡ್ ಬಿಟ್ಟಿದ್ದು ಯಾಕೆ?

ಅಲ್ಲಿ ಸಿಗುತ್ತಿದ್ದ ಪಾತ್ರಗಳು ಹಿಡಿಸಲಿಲ್ಲ, ಅಷ್ಟೇ. 1936ರ 'ಶೋ ಬೋಟ್' ಸಿನಿಮಾದಲ್ಲಿ ಅವರು ಹಾಡಿದ 'ಓಲ್ ಮ್ಯಾನ್ ರಿವರ್' ಅನ್ನೋ ನದಿಯ ಹಾಡನ್ನು ಜನ ಇವತ್ತಿಗೂ ಕೇಳುತ್ತಾರೆ, ಆದರೆ ಕಪ್ಪು ಜನರನ್ನು ಪೆದ್ದರಂತೆ ತೋರಿಸುವುದು ಮಾತ್ರ ನಿಲ್ಲಲಿಲ್ಲ. 1942ರ 'ಟೇಲ್ಸ್ ಆಫ್ ಮ್ಯಾನ್‌ಹಟನ್' ಆದಮೇಲೆ ಬಿಟ್ಟೇಬಿಟ್ಟರು. ಮರುವರ್ಷವೇ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 'ಒಥೆಲೊ' ನಾಟಕದ ನಾಯಕ ಒಥೆಲೊ ಆದರು, 296 ಪ್ರದರ್ಶನ! ಶೇಕ್ಸ್‌ಪಿಯರ್ ನಾಟಕಕ್ಕೆ ಅದು ಅಲ್ಲಿನ ದಾಖಲೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅವರು ಆ ನದಿಯ ಹಾಡನ್ನೇ ಬದಲಿಸಿದ ರೀತಿ: ಬದುಕಿ ಸಾಕಾಯ್ತು, ಸಾಯೋಕೆ ಭಯ ಅನ್ನುವ ಸಾಲು ತೆಗೆದು, ಸಾಯೋವರೆಗೂ ಹೋರಾಡಲೇಬೇಕು ಅಂತ ವೇದಿಕೆ ಮೇಲೆ ಹಾಡಿದರು. 1950ರಲ್ಲಿ ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು, 1958ರವರೆಗೆ ವಾಪಸ್ ಕೊಡಲಿಲ್ಲ. ಸಿಕ್ಕ ಮರುವರ್ಷ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಮತ್ತೆ ಒಥೆಲೊ ಮಾಡಿದರು, ಆಗ ಅವರಿಗೆ 61 ವರ್ಷ.