ಭಕ್ತಿಯಾದ ಮೇಲೂ ಎರಡು ಮೆಟ್ಟಿಲು

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರೇ, ವಂದನೆಗಳು.

ಧಾರವಾಡದಿಂದ ನೀವು ಬರೆದ ಕಾಗದ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಮಾತಿನ ಸಾರ ಹೇಳಿಬಿಡುತ್ತೇನೆ. ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದವರು ನೀವು, ಕ್ವಾಯರ್‌ನಲ್ಲಿ ಹಾಡುತ್ತೀರಿ, ಬೆಳಗಿನ ಐದಕ್ಕೆದ್ದು ಸತ್ಯವೇದ ತೆರೆಯುತ್ತೀರಿ. ಆದರೆ ಕೆಲವು ವರ್ಷಗಳಿಂದ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಮೊಣಕಾಲೂರಿದರೂ ಕಣ್ಣು ಗೋಡೆ ಗಡಿಯಾರದ ಮೇಲೆಯೇ. ‘ನಿನ್ನ ಆತ್ಮಿಕ ಬೆಳವಣಿಗೆ ನಿಂತುಹೋಗಿದೆ, ನಲವತ್ತು ದಿನ ಉಪವಾಸ ಮಾಡು’ ಎಂದು ಗೆಳತಿ ಹೇಳಿದರಂತೆ. ಮಾಡಲೇ ಎಂದು ಕೇಳಿದ್ದೀರಿ.

ಉಪವಾಸದ ವಿಷಯ ಮೊದಲು ಮುಗಿಸುತ್ತೇನೆ. ನಿಮಗೆ ಶುಗರ್ ಇದೆಯೆಂದು ನೀವೇ ಬರೆದಿದ್ದೀರಿ. ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ.

ಇನ್ನು ಗಡಿಯಾರದ ಮಾತು. ಸ್ಪೇನ್ ದೇಶದ ಅವಿಲಾದ ತೆರೇಸಾ 1535ರಲ್ಲಿ ಮಠ ಸೇರಿದವರು. ಕಥೋಲಿಕ ಸನ್ಯಾಸಿನಿ ನಮಗೇಕೆ ಅನ್ನಬೇಡಿ, ಪ್ರಾರ್ಥನೆಯ ಕಷ್ಟವನ್ನು ಅವರಷ್ಟು ಬಿಚ್ಚಿ ಹೇಳಿದವರು ಕಡಿಮೆ. ಪ್ರಾರ್ಥನಾ ಕೋಣೆಗೆ ಕಾಲಿಡುವಾಗಲೇ ದುಃಖ ಒತ್ತರಿಸಿ ಬರುತ್ತಿತ್ತು, ಗಂಟೆ ಯಾವಾಗ ಬಡಿದೀತೆಂದು ಕಿವಿಗೊಟ್ಟು ಕೂತಿರುತ್ತಿದ್ದೆ, ವರ್ಷಗಟ್ಟಲೆ ಹೀಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಒಮ್ಮೆ ಆ ಮೌನ ಪ್ರಾರ್ಥನೆಯನ್ನು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟೇಬಿಟ್ಟಿದ್ದರು. ಮತ್ತೆ ಬಂದು ಕೂತರು. ಗಾಯಗೊಂಡ ಕ್ರಿಸ್ತನ ಪ್ರತಿಮೆಯ ಮುಂದೆ ಅವರ ಮನಸ್ಸು ಕರಗಿದ್ದು 1554ರಲ್ಲಿ, ಆಗ ಅವರಿಗೆ ನಲವತ್ತು ಸಮೀಪಿಸಿತ್ತು. ಆದ್ದರಿಂದ ನೀವು ಐದಕ್ಕೆ ಏಳುವುದನ್ನು ಬಿಡಬೇಡಿ. ಏನೂ ಅನ್ನಿಸದಿದ್ದರೂ ಕೂತಿರಿ.

ಬೆಳವಣಿಗೆಯನ್ನು ನಮ್ಮ ಅನಿಸಿಕೆಯಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಪೇತ್ರನ ಎರಡನೆಯ ಪತ್ರದ ಮೊದಲ ಅಧ್ಯಾಯ ತೆಗೆದು ಐದರಿಂದ ಏಳನೆಯ ವಚನ ನಿಧಾನವಾಗಿ ಓದಿ. ನಂಬಿಕೆಯಿಂದ ಶುರುವಾಗಿ ಸದ್ಗುಣ, ಜ್ಞಾನ, ದಮೆ (ಅಂದರೆ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು), ತಾಳ್ಮೆ ದಾಟಿ ಭಕ್ತಿಗೆ ಬರುತ್ತದೆ. ನಾವೆಲ್ಲ ಅಲ್ಲಿಗೇ ಮುಗಿಯಿತೆಂದುಕೊಳ್ಳುತ್ತೇವೆ. ಪೇತ್ರ ಅಲ್ಲಿ ನಿಲ್ಲುವುದಿಲ್ಲ. ಭಕ್ತಿಗೆ ಸಹೋದರಸ್ನೇಹವನ್ನೂ ಅದಕ್ಕೆ ಪ್ರೀತಿಯನ್ನೂ ಕೂಡಿಸಿರಿ ಅನ್ನುತ್ತಾನೆ. ಆ ಕೊನೆಯ ಎರಡನ್ನು ಕೋಣೆಯಲ್ಲಿ ಒಬ್ಬರೇ ಕೂತು ಹತ್ತಲಾಗದು.

ಇದನ್ನು ಹೇಳಲು ಕಾರಣವಿದೆ. ನಿಮ್ಮ ಕಾಗದದ ತುದಿಯಲ್ಲಿ, ಸಹಿಯ ಕೆಳಗೆ, ಇಕ್ಕಟ್ಟಿನಲ್ಲಿ ಒಂದು ಸಾಲು ಸೇರಿಸಿದ್ದೀರಿ: ‘ಮನೆ ಪಾಲಾದಾಗಿನಿಂದ ನೆಗೆಣ್ಣಿ ಜೊತೆ ಮಾತಿಲ್ಲ, ದೇವಾಲಯದಲ್ಲೂ ಆಕೆ ಕೂತ ಕಡೆ ಕೂರುವುದಿಲ್ಲ.’ ಮೂರು ಪುಟದ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಾಲು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂದು ಯೇಸುಸ್ವಾಮಿ ಬೆಟ್ಟದ ಮೇಲೆ ಹೇಳಿದ್ದು ಇಂಥದ್ದಕ್ಕೇ. ತಪ್ಪು ಯಾರದೆಂದು ಅಲ್ಲಿ ಸ್ವಾಮಿ ವಿಚಾರಿಸುವುದಿಲ್ಲ, ನಿನ್ನ ಮೇಲೆ ಅವರಿಗೆ ಬೇಸರವಿದ್ದರೆ ಸಾಕು, ಹೊರಡು ಅನ್ನುತ್ತಾರೆ.

ಹೋಗಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಸಭಾಪಾಲಕರ ಪತ್ನಿಯವರನ್ನು ಜೊತೆಗೆ ಕರೆದುಕೊಳ್ಳಿ. ನೆಗೆಣ್ಣಿ ಪಾಲಿನ ಮಾತೆತ್ತಿದರೂ ಆವತ್ತು ವಾದಕ್ಕಿಳಿಯಬೇಡಿ, ಮಕ್ಕಳ ಬಗ್ಗೆ ಕೇಳಿ, ಚಹಾ ಕೊಟ್ಟರೆ ಕುಡಿದು ಬನ್ನಿ. ಬಾಗಿಲು ತೆರೆಯದಿದ್ದರೆ ತಿಂಗಳು ಬಿಟ್ಟು ಮತ್ತೆ ಹೋಗಿ. ಮುಂದಿನ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆಯೇ ಒಮ್ಮೆ ಹೋಗಿಬಂದರೆ ಒಳ್ಳೆಯದು.

— ಸಂಪಾದಕ