ಡ್ಯೂಟಿ ಮುಗಿದ ಮೇಲಿನ ಟ್ರೈನಿಂಗಿಗೆ ಸಂಬಳ ಕೇಳಬಹುದೇ?

ಕೇಳಬಹುದು. ಆದರೆ ನೀವು ಪ್ರಶ್ನೆ ಹಾಕಿದ ರೀತಿಗೆ ನನ್ನದೊಂದು ತಕರಾರಿದೆ.

ಕಾಸರಗೋಡಿನ ಚಿನ್ನದಂಗಡಿಯಲ್ಲಿ ಸೇಲ್ಸ್ ಕೆಲಸ, ಡ್ಯೂಟಿ 9.30ರಿಂದ 6.30, ಆಮೇಲೆ ಎರಡು ವಾರ 8.30ರ ತನಕ ಮಹಡಿಯಲ್ಲಿ ಟ್ರೈನಿಂಗ್. "ಕಲಿತದ್ದು ನಿಮಗೇ ತಾನೇ" ಎಂದಿದ್ದಾರೆ ಮ್ಯಾನೇಜರ್. ಪುಕ್ಕಟೆ ಕಲಿಸುವವರ ಹತ್ತಿರ ದುಡ್ಡು ಕೇಳಿದರೆ ಕೃತಘ್ನತೆ ಆಗುತ್ತದಾ ಎಂಬುದು ನಿಮ್ಮ ಅಳುಕು. ನಾನೂ ಕೌಂಟರಿನ ಹಿಂದೆ ನಿಂತವನೇ, ಈಗ ಇಂಥ ಅಂಗಡಿಗಳ ಸಂಬಳದ ರಿಜಿಸ್ಟರ್ ಬರೆಯುತ್ತೇನೆ. ಆ ಅಳುಕಿನ ಗುರುತು ನನಗಿದೆ.

ಮೊದಲು, ಆ ಎರಡು ಗಂಟೆ ಏನು ನಡೆಯುತ್ತದೆ ನೋಡಿ. ನೀವೇ ಬರೆದಿದ್ದೀರಿ: ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್, ತಿಂಗಳ ಕಂತಿನ ಸ್ಕೀಮಿಗೆ ಗಿರಾಕಿ ಸೇರಿಸುವ ಮಾತುಗಾರಿಕೆ, ಒಡವೆಯ ಮೇಲೆ ಕೆತ್ತಿದ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಓದುವುದು. ಸಾಫ್ಟ್‌ವೇರ್ ಅಂಗಡಿಯದು, ನಾಳೆ ನೀವು ಪಕ್ಕದ ಅಂಗಡಿಗೆ ಹೋದರೆ ಅಲ್ಲಿ ಬೇರೆ ಇರುತ್ತದೆ. ಸ್ಕೀಮಿನ ಲಾಭ ಯಾರಿಗೆ ಅಂತ ಹೇಳಬೇಕಾಗಿಲ್ಲ. ಎಚ್‌ಯುಐಡಿ ಮಾತ್ರ ನೀವು ಹೋದಲ್ಲಿಗೆ ಬರುವ ವಿದ್ಯೆ, ಒಪ್ಪಿದೆ. ಆದರೆ ಆರು ಅಕ್ಷರ-ಅಂಕಿಗಳ ಆ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು 2023ರ ಏಪ್ರಿಲ್ 1ರಿಂದ ಮಾರುವಂತಿಲ್ಲ. 22ಕೆ916 ಎಂಬ ಶುದ್ಧತೆಯ ಗುರುತಿನ ಪಕ್ಕದ ಆ ಸಣ್ಣ ಕೆತ್ತನೆಯನ್ನು ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿ ಬಿಲ್ಲಿನ ಜೊತೆ ತಾಳೆ ಹಾಕಲು ಬಾರದ ಸೇಲ್ಸ್‌ಮ್ಯಾನ್ ಅಂಗಡಿಗೇ ಹೊರೆ. ಇದರಲ್ಲಿ ನಿಮಗೆ ಮಾಡಿದ ಉಪಕಾರ ಯಾವುದು? ನಡುವೆ ಒಂದು ದಿನ "ಹೇಗೂ ಎಲ್ಲರೂ ಇದ್ದೀರಲ್ಲ" ಎಂದು ಬಳೆಯ ಟ್ರೇ ಎಣಿಸಿ ಟ್ಯಾಗ್ ಕಟ್ಟಿಸಿದರು ಅಂತಲೂ ಬರೆದಿದ್ದೀರಿ. ಅದಕ್ಕೆ ಟ್ರೈನಿಂಗ್ ಎಂಬ ಹೆಸರೂ ಒಪ್ಪುವುದಿಲ್ಲ, ಶುದ್ಧ ಸ್ಟಾಕ್ ಎಣಿಕೆ.

ಕೇರಳದ ಶಾಪ್ಸ್ ಆಂಡ್ ಕಮರ್ಷಿಯಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ 1960ರದ್ದು. ದಿನಕ್ಕೆ 8 ಗಂಟೆ, ವಾರಕ್ಕೆ 48, ಅದರ ಮೇಲಿನದ್ದಕ್ಕೆ ಎರಡು ಪಟ್ಟು. ಓಟಿ, ಅಂದರೆ ಆ ಹೆಚ್ಚುವರಿ ಹೊತ್ತು ಸೇರಿ ದಿನಕ್ಕೆ 10 ಗಂಟೆ ಮೀರಬಾರದು. ಊಟದ ಒಂದು ಗಂಟೆ ಕಳೆದರೆ ನಿಮ್ಮ ಡ್ಯೂಟಿ ಸರಿಯಾಗಿ 8 ಗಂಟೆ. ಟ್ರೈನಿಂಗ್ 8.30ಕ್ಕೆ ಮುಗಿದರೆ 10. ಒಂಬತ್ತರ ತನಕ ಎಳೆದರೆ ದುಡ್ಡು ಕೊಟ್ಟರೂ ತಪ್ಪೇ.

ಬಿಡುವಿನ ಹೊತ್ತಿನ ತರಬೇತಿಗೆಂದು ಈ ಕಾಯ್ದೆಯಲ್ಲಿ ಬೇರೆ ಕಲಂ ಇಲ್ಲ, ಮಾಲೀಕರ ಕಡೆಯವರು ಹಿಡಿದುಕೊಳ್ಳುವುದು ಅದನ್ನೇ. ಹೊರಗಿನವರು ಇದನ್ನು ಹೇಗೆ ಬಿಡಿಸಿದ್ದಾರೆ ಅಂತ ನೋಡಿದರೆ ದಾರಿ ಕಾಣುತ್ತದೆ. ಅಮೆರಿಕದಲ್ಲಿ ತರಬೇತಿಗೆ ಕೂಲಿ ಕೊಡದೆ ಇರಬೇಕಾದರೆ ನಾಲ್ಕೂ ಷರತ್ತು ಕೂಡಿ ಬರಬೇಕು: ಡ್ಯೂಟಿಯ ಹೊತ್ತಿನ ಹೊರಗಿರಬೇಕು, ಹಾಜರಿ ನಿಜವಾಗಿ ಐಚ್ಛಿಕವಾಗಿರಬೇಕು, ನಿಮ್ಮ ಈಗಿನ ಕೆಲಸಕ್ಕೆ ನೇರ ಸಂಬಂಧ ಇರಬಾರದು, ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಿಸಬಾರದು. ನಿಮ್ಮದರಲ್ಲಿ ಮೊದಲನೆಯದು ಬಿಟ್ಟರೆ ಒಂದೂ ಇಲ್ಲ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ ಕಾನೂನಿನಂತೆ ಮಾಲೀಕ ಕೊಡಲೇಬೇಕಾದ ತರಬೇತಿ ನೌಕರನಿಗೆ ಉಚಿತ, ಆ ಹೊತ್ತೂ ಕೆಲಸದ ಹೊತ್ತೇ. 2021ರ ಅಕ್ಟೋಬರಿನಲ್ಲಿ ರುಮೇನಿಯಾದ ಸ್ಥಳೀಯ ಆಡಳಿತದ ನೌಕರನೊಬ್ಬನ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯವೂ ಹೇಳಿದ್ದು ಇದನ್ನೇ: ಮಾಲೀಕ ಹೇಳಿ ಕಳಿಸಿದ ತರಬೇತಿ ಬೇರೆ ಜಾಗದಲ್ಲಿ, ಡ್ಯೂಟಿಯ ಹೊರಗೆ ನಡೆದರೂ ಕೆಲಸದ ಹೊತ್ತೇ. ಇವು ಇಲ್ಲಿ ನಡೆಯುವ ಕಾನೂನಲ್ಲ, ಲೇಬರ್ ಆಫೀಸಿನಲ್ಲಿ ಇವನ್ನು ಓದಲು ಹೋಗಬೇಡಿ. ಆದರೆ "ಹೋಗದಿದ್ದರೆ ಏನಾಗುತ್ತದೆ" ಎಂಬ ಒಂದು ಪ್ರಶ್ನೆಯನ್ನು ಅಲ್ಲಿಂದ ಎರವಲು ತನ್ನಿ. ಬಾರದವರನ್ನು ವಜ್ರದ ಕೌಂಟರಿನಿಂದ ಬೆಳ್ಳಿಗೆ ಹಾಕುತ್ತಾರೆ, ಇನ್ಸೆಂಟಿವ್ ಕತ್ತರಿಸುತ್ತಾರೆ ಅಂತಾದರೆ ಅದು ಕಡ್ಡಾಯವೇ.

ಇನ್ನು ಎಲ್ಲರೂ ಕೈಸುಟ್ಟುಕೊಳ್ಳುವ ಜಾಗ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಟ್ರೈನಿಂಗಿಗೆ ಕೂರುವಾಗ ಒಂದು ಹಾಳೆ ಬರುತ್ತದೆ. ಹೆಸರು, ಎಂಪ್ಲಾಯೀ ನಂಬರ್, ಸಹಿ, ಇಷ್ಟೇ ಕಾಲಂ. ತಲೆಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಒಂದು ಸಾಲು: ಸ್ವಂತ ಇಚ್ಛೆಯಿಂದ ಹಾಜರಾಗುತ್ತಿದ್ದೇನೆ. ಪೆರ್ಲ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರು ಮಲಯಾಳ ಸಲೀಸಾಗಿ ಮಾತಾಡಿದರೂ ಅಚ್ಚಿನ ಸಾಲನ್ನು ಓದುವ ಗೋಜಿಗೆ ಹೋಗುವುದಿಲ್ಲ. ಹಿಂದಿನವರು ಹಾಕಿದ್ದಾರೆ, ನಾವೂ ಹಾಕೋಣ. ಹಾಳೆಯಲ್ಲಿ ಬಂದ ಹೊತ್ತು, ಹೋದ ಹೊತ್ತು ಇಲ್ಲ. ಅದಕ್ಕೂ ಮೊದಲು, ಮಹಡಿ ಹತ್ತುವ ಮುಂಚೆಯೇ, 6.30ಕ್ಕೆ ಬೆರಳು ಒತ್ತಿ ಪಂಚ್ ಔಟ್ ಮಾಡಿಸಿರುತ್ತಾರೆ. ಈಗ ಕಾಗದದ ಮೇಲೆ ಏನು ಉಳಿಯಿತು? ಮೆಷಿನ್ ಪ್ರಕಾರ ನೀವು ಆರೂವರೆಗೆ ಮನೆಗೆ ಹೋಗಿದ್ದೀರಿ, ಹಾಳೆಯ ಪ್ರಕಾರ ಆಸೆಪಟ್ಟು ಬಂದಿದ್ದೀರಿ, ಎಷ್ಟು ಹೊತ್ತು ಕೂತಿರಿ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಕೇಂದ್ರದ ಹೊಸ ಸಂಬಳದ ಕಾನೂನಾದ ವೇತನ ಸಂಹಿತೆಯ 59ನೇ ಕಲಂ ಪ್ರಕಾರ ಬಾಕಿ ಕೊಟ್ಟಾಗಿದೆ ಅಂತ ರುಜುವಾತು ಮಾಡುವ ಹೊಣೆ ಮಾಲೀಕನದು. ನೌಕರರಿಗೆ ದೊಡ್ಡ ಬಲ ಅದು. ಆದರೆ ಬಾಕಿ ಹುಟ್ಟಿದೆ, ಆ ಎರಡು ಗಂಟೆ ನೀವು ಅಲ್ಲಿದ್ದಿರಿ ಅಂತ ತೋರಿಸುವವರು ನೀವೇ. ಕೇಸು ಬೀಳುವುದು ಅಲ್ಲಿ.

ಹಾಗಾಗಿ ಇವತ್ತಿನಿಂದಲೇ ಹೀಗೆ ಮಾಡಿ. ಟ್ರೈನಿಂಗ್ ಮುಗಿಸಿ ಇಳಿಯುವಾಗ ಪಂಚ್ ಔಟ್ ಮಾಡಿ. ಮೊದಲೇ ಒತ್ತಿ ಅಂದರೆ ಜಗಳ ಬೇಡ, ಆದರೆ ಹಾಗೆಂದವರು ಯಾರು ಅಂತ ಅದೇ ರಾತ್ರಿ ಡೈರಿಯಲ್ಲಿ ತಾರೀಕು ಹಾಕಿ ಬರೆದಿಡಿ. ಹಾಳೆಯಲ್ಲಿ ನಿಮ್ಮ ಸಹಿಯ ಪಕ್ಕ "6.30ರಿಂದ 8.30, ಮ್ಯಾನೇಜರ್ ಸೂಚನೆಯಂತೆ" ಎಂದು ಕನ್ನಡದಲ್ಲೇ ಬರೆಯಿರಿ, ಆಗುವುದಾದರೆ ಮೊಬೈಲಿನಲ್ಲಿ ಒಂದು ಫೋಟೊ. ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರೂ ಬರಲೇಬೇಕು" ಅಂತ ಹಾಕಿದ ಮೆಸೇಜನ್ನು ನಂಬರ್, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಮೇಲ್‌ಗೆ ಕಳಿಸಿ. ಗ್ರೂಪಿನಿಂದ ತೆಗೆದುಹಾಕಿದ ಮೇಲೆ ಹುಡುಕುವುದು ಕಷ್ಟ. ಮನೆಯಲ್ಲಿ ಕೂತು ಆಪ್‌ನಲ್ಲಿ ನೋಡುವ ವೀಡಿಯೊ, ಕ್ವಿಜ್‌ಗಳಿಗೂ ಇದೇ ಮಾತು: ಮುಗಿಸಿದ ಪುಟದಲ್ಲಿ ಹೊತ್ತು ದಾಖಲಾಗಿರುತ್ತದೆ, ಅದರ ಸ್ಕ್ರೀನ್‌ಶಾಟ್ ಇರಲಿ.

ಲೆಕ್ಕ ಸುಲಭ. ತಿಂಗಳಿಗೆ 15,600 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳ ಕೆಲಸದ ದಿನ 26 ಅಂತ ಹಿಡಿದು ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75, ಓಟಿಗೆ 150. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ, ಎರಡು ವಾರ ಅಂದರೆ 24 ಗಂಟೆ, 3,600 ರೂಪಾಯಿ. ಬೇಸಿಕ್ ಒಂದನ್ನೇ ಹಿಡಿದು ಲೆಕ್ಕ ಹಾಕಿ ಕೊಡುವವರಿದ್ದಾರೆ, ಡಿ.ಎ. (ತುಟ್ಟಿಭತ್ಯೆ) ಸೇರಿದೆಯಾ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ, ನಾಳೆಯೇ ಹೋಗಿ 3,600 ಕೊಡಿ ಅನ್ನಬೇಡಿ. ನಾನಾದರೆ ಟ್ರೈನಿಂಗನ್ನು ಡ್ಯೂಟಿಯ ಒಳಗೆ ತರಲು ಕೇಳುತ್ತೇನೆ. ಸಂಜೆ ಇಡುವುದು ಹಗಲು ಕೌಂಟರ್ ಖಾಲಿಯಾಗಬಾರದು ಅಂತ, ಅದು ನ್ಯಾಯವಾದ ಕಾರಣವೇ. ಆದರೆ ಬೆಳಿಗ್ಗೆ 9.30ರಿಂದ 10.30ರ ತನಕ ಚಿನ್ನದಂಗಡಿಗೆ ಯಾರು ಬರುತ್ತಾರೆ ಹೇಳಿ? ಸ್ಟಾಫನ್ನು ಎರಡು ತಂಡ ಮಾಡಿ ದಿನ ಬಿಟ್ಟು ದಿನ ಕೂರಿಸಿದರೆ ಓಟಿಯೂ ಇಲ್ಲ, ಬಂದಡ್ಕ, ಆದೂರು ಕಡೆಯ ಹೆಣ್ಣುಮಕ್ಕಳಿಗೆ ಕೊನೆಯ ಬಸ್ಸಿನ ತಲೆಬಿಸಿಯೂ ಇಲ್ಲ. ದಿನವಿಡೀ ನಿಂತು ಕಾಲು ಊದಿದವನ ತಲೆಗೆ ರಾತ್ರಿ ಎಂಟಕ್ಕೆ ಏನು ಹತ್ತುತ್ತದೆ ಎಂಬುದನ್ನೂ ಧನಿಗಳು ಯೋಚಿಸಲಿ. ನಾಲ್ಕೈದು ಜನ ಒಟ್ಟಿಗೆ ಹೋಗಿ, ಬರಹದಲ್ಲಿ ಕೊಡಿ. ಹಬ್ಬದ ಸೀಸನ್ನಿನ ವಾರದಲ್ಲಿ ಮಾತ್ರ ಕೇಳಬೇಡಿ.

ಎಲ್ಲ ಕಲಿಕೆಗೂ ಕೂಲಿ ಬೇಕು ಎನ್ನುವವನು ನಾನಲ್ಲ. ನೀವಾಗಿಯೇ ಟ್ಯಾಲಿ ಕಲಿಯಲು, ಇಂಗ್ಲಿಷ್ ಮಾತಾಡಲು ಸಂಜೆ ಕ್ಲಾಸಿಗೆ ಸೇರಿದ್ದರೆ, ಹೋಗದಿದ್ದರೂ ಯಾರೂ ಕೇಳುವುದಿಲ್ಲ ಅಂತಾದರೆ, ಅದು ನಿಮ್ಮ ಹೊತ್ತು. ಅರ್ಧ ಫೀಸು ಮಾಲೀಕರು ಕೊಟ್ಟರೆ ಅದು ಅವರ ದೊಡ್ಡತನ. ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಂಡವರ ದಾರಿಯೂ ಬೇರೆ: 1961ರ ಕಾಯ್ದೆಯಡಿ ಅವರಿಗೆ ಸ್ಟೈಪೆಂಡ್, ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತೆಯೇ ಇಲ್ಲ.

ಗಡಿಯಾಚೆಯದ್ದೂ ಒಂದು ಮಾತು. ಮಂಜೇಶ್ವರ, ಉಪ್ಪಳದಿಂದ ದಿನಾ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಕೇರಳದ ಈ ಅಂಕಿಗಳನ್ನು ಅಲ್ಲಿ ಹೇಳಿದರೆ ನಡೆಯದು. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಅಂಗಡಿ ಎಲ್ಲಿದೆಯೋ ಅಲ್ಲಿನ ಕಾಯ್ದೆ. ಕರ್ನಾಟಕದ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48. ದಿನದ ಒಂಬತ್ತು ದಾಟದಿದ್ದರೂ ವಾರದ 48 ದಾಟಿದರೆ ಅದು ಓಟಿ, ಅಲ್ಲೂ ಎರಡು ಪಟ್ಟು.

ಅವಧಿಗೆ ಮೊದಲೇ ಕೆಲಸ ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎಂಬ ಬಾಂಡ್ ಕೇಳಿದ್ದಾರೆ ಅಂದಿರಿ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಂದು ಬ್ಯಾಂಕಿನ 2 ಲಕ್ಷದ ಬಾಂಡನ್ನು ಎತ್ತಿಹಿಡಿದದ್ದು ನಿಜ, ಆದ್ದರಿಂದ "ಬಾಂಡಿಗೆ ಬೆಲೆಯಿಲ್ಲ" ಎನ್ನುವವರ ಮಾತು ನಂಬಬೇಡಿ. ಅದು ಮೂರು ವರ್ಷದ ಸೇವೆಗೆ ಒಪ್ಪಿ ಸೇರಿದ ಅಧಿಕಾರಿ ಹುದ್ದೆ. ಎರಡು ವಾರದ ಸಂಜೆ ಪಾಠಕ್ಕೆ ಐವತ್ತು ಸಾವಿರ ಬರೆಸಿಕೊಂಡರೆ, ಕಾಂಟ್ರಾಕ್ಟ್ ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದಷ್ಟು ಪರಿಹಾರ ಮಾತ್ರ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ.

ಮಾತಿನಲ್ಲಿ ಬಗೆಹರಿಯದಿದ್ದರೆ ನಿಮ್ಮ ಸರ್ಕಲ್‌ನ ಅಸಿಸ್ಟೆಂಟ್ ಲೇಬರ್ ಆಫೀಸರ್‌ಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಡಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮಗಿದೆ. ಅರ್ಜಿ ಒಂದು ಪುಟ ಸಾಕು. ಕೆಲಸಕ್ಕೆ ಸೇರಿದ ದಿನ, ಸಂಬಳ, ಟ್ರೈನಿಂಗ್ ನಡೆದ ತಾರೀಕುಗಳು, ಒಟ್ಟು ಗಂಟೆ, ಬರಬೇಕಾದ ಮೊತ್ತ. ಮನಸ್ಸಿನ ನೋವು, ಮ್ಯಾನೇಜರರ ಸ್ವಭಾವ ಯಾವುದೂ ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಇಂಥ ಕ್ಲೇಮಿಗೆ ಆರು ತಿಂಗಳ ಗಡುವಿತ್ತು, 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಮೂರು ವರ್ಷ. ಆದರೂ ಆರು ತಿಂಗಳೊಳಗೇ ಕೊಟ್ಟುಬಿಡಿ, ಸಾಕ್ಷಿ ಹೇಳುವ ಜೊತೆಗಾರರು ಅಷ್ಟರಲ್ಲಿ ಗಲ್ಫಿಗೆ ಹೋಗಿರಬಹುದು.

ಕೆಲಸ ಬಿಡುವ ಯೋಚನೆಯಿದ್ದರೆ, ಲೆಕ್ಕ ಚುಕ್ತಾ ಆಯಿತು ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಅದರ ಮೇಲೆ "ಟ್ರೈನಿಂಗ್ ಓಟಿ 24 ಗಂಟೆ ಬಾಕಿ" ಎಂದು ಬರೆದೇ ಹಾಕಿ.