ಸೋಮಾರಿ ಅನ್ನುವ ಮೊದಲು ಬೀದಿ ನೋಡಿ

ಓದುಗರ ಪತ್ರ: "ಜನರ ಕೈಗೆ, ಸೊಂಟಕ್ಕೆ ಸೆನ್ಸರ್ ಕಟ್ಟಿ, ಅವರು ಎಲ್ಲಿ, ಯಾವಾಗ ವ್ಯಾಯಾಮ ಮಾಡುತ್ತಾರೆ ಅಂತ ಅಳೆಯುವ ಸಂಶೋಧನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದಕ್ಕೆಲ್ಲ ಯಾಕಿಷ್ಟು ಖರ್ಚು? ಜನರನ್ನೇ ಕೇಳಿದರೆ ಸಾಲದೇ? ನಾನು ನಿವೃತ್ತ. ದಿನಾ ಬೆಳಗ್ಗೆ ತಪ್ಪದೆ ನಡೆಯುತ್ತೇನೆ. ಮನಸ್ಸಿದ್ದವರು ನಡೆಯುತ್ತಾರೆ, ಸೋಮಾರಿಗಳು ಕೂರುತ್ತಾರೆ. ಅಷ್ಟು ತಿಳಿಯಲು ಉಪಗ್ರಹ ಬೇಕೇ? ಅಲ್ಲದೆ, ನಾವು ಎಲ್ಲಿ ಓಡಾಡಿದೆವು ಅನ್ನೋದು ಕಂಪನಿಗಳಿಗೆ ಯಾಕೆ ಗೊತ್ತಾಗಬೇಕು?"

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅಲ್ಲಿ ನಿಮ್ಮ ಮಾತು ಸರಿ. ವ್ಯಾಯಾಮ ದಾಖಲಿಸುವ ಆ್ಯಪ್ ನಡೆಸುವ ಸ್ಟ್ರಾವಾ ಕಂಪನಿ 2017ರಲ್ಲಿ ತನ್ನ ಬಳಕೆದಾರರು ಓಡಿದ, ಸೈಕಲ್ ತುಳಿದ ದಾರಿಗಳನ್ನೆಲ್ಲ ಸೇರಿಸಿ ಒಂದು ನಕ್ಷೆ ಹೊರತಂದಿತು. ಅದರಲ್ಲಿ ಸೇನಾ ನೆಲೆಗಳ ಆಕಾರ ಎದ್ದು ಕಾಣುವುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಪತ್ತೆ ಮಾಡಿದ. ಸೈನಿಕರು ಆವರಣದ ಸುತ್ತ ಓಡಿದ್ದೇ ಗುಟ್ಟು ಬಿಟ್ಟುಕೊಟ್ಟಿತ್ತು. ಹಾಗಾಗಿ ನಿಮ್ಮ ಭಯಕ್ಕೆ ಕಾರಣವಿದೆ.

ಆದರೆ "ಕೇಳಿದರೆ ಸಾಲದೇ" ಅಂದಿರಲ್ಲ, ಅದನ್ನು ಒಪ್ಪಲಾರೆ. ಅಮೆರಿಕದಲ್ಲಿ 2003-04ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರಾರು ಜನ ಒಂದು ವಾರ ಸೊಂಟಕ್ಕೆ ಆಕ್ಸೆಲೆರೊಮೀಟರ್, ಅಂದರೆ ಮೈಯ ಅಲುಗಾಟ ಅಳೆಯುವ ಸೆನ್ಸರ್, ಕಟ್ಟಿಕೊಂಡರು. ಬಾಯಿಮಾತಿನ ಸಮೀಕ್ಷೆಗಳಲ್ಲಿ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ವ್ಯಾಯಾಮ ಮಾಡುತ್ತೇವೆ ಅನ್ನುತ್ತಿದ್ದರು. ಯಂತ್ರದ ಪ್ರಕಾರ ನೂರರಲ್ಲಿ ಐದು ಜನವೂ ಇರಲಿಲ್ಲ. ಜನ ಸುಳ್ಳು ಹೇಳಿದರು ಅಂತಲ್ಲ. ಮೈದಾನದಲ್ಲಿ ಒಂದು ಗಂಟೆ ಇದ್ದದ್ದು ನೆನಪಿರುತ್ತದೆ, ಅದರಲ್ಲಿ ಎಷ್ಟು ಹೊತ್ತು ನಿಂತು ಮಾತಾಡಿದೆವು ಅನ್ನೋದು ನೆನಪಿರುವುದಿಲ್ಲ.

ಇದರ ಇನ್ನೊಂದು ಮುಖ ನನಗೆ ಜಾಸ್ತಿ ಇಷ್ಟ. ಬ್ರಿಟನ್ನಿನಲ್ಲಿ "ನಾವು ವ್ಯಾಯಾಮ ಮಾಡುವುದಿಲ್ಲ" ಎಂದಿದ್ದ ಸುಮಾರು 25 ಸಾವಿರ ಜನರ ಮಣಿಕಟ್ಟಿಗೆ ಕಟ್ಟಿದ್ದ ಸೆನ್ಸರ್‌ನ ದಾಖಲೆಯನ್ನು ಸಂಶೋಧಕರು ತೆಗೆದು ನೋಡಿದರು. ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೆಟ್ಟಿಲು ಹತ್ತಿದ್ದು, ಬಸ್ಸಿಗೆ ಓಡಿದ್ದು, ಭಾರ ಹೊತ್ತು ಬಿರುಸಾಗಿ ನಡೆದದ್ದು. ಹೀಗೆ ಒಂದೆರಡು ನಿಮಿಷದ ಬಿರುಸು ದಿನಕ್ಕೆ ಮೂರು ಸಲ ಇದ್ದವರಲ್ಲಿ ಸಾವಿನ ಅಪಾಯ ಸುಮಾರು 40 ಶೇಕಡಾ ಕಡಿಮೆ ಕಂಡಿತು. ಬಿರುಸಿನಿಂದಲೇ ಹಾಗಾಯಿತು ಅಂತ ಇದು ಸಾಬೀತು ಮಾಡುವುದಿಲ್ಲ, ಆದರೆ ನಂಟು ದೊಡ್ಡದು. ಆ ಜನರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು? ಏನೂ ಮಾಡಲ್ಲ ಅಂತಲೇ ಅಲ್ವಾ? ವ್ಯಾಯಾಮ ಒಂದೇ ಸಮನೆ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿತು.

ಯಂತ್ರಕ್ಕೂ ಕುರುಡು ಜಾಗಗಳಿವೆ. ಸೊಂಟದಲ್ಲಿದ್ದರೆ ಸೈಕಲ್ ತುಳಿದದ್ದು ಸರಿಯಾಗಿ ತಿಳಿಯುವುದಿಲ್ಲ, ಭಾರ ಎತ್ತಿದ್ದೂ ಅಷ್ಟೇ.

ಇನ್ನು "ಎಲ್ಲಿ" ಅನ್ನುವ ಪ್ರಶ್ನೆ. ಇರುವ ಜಾಗ ತಿಳಿಯಲು ಉಪಗ್ರಹಗಳಿಂದ ಸಾರ್ವಜನಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿಡುತ್ತಿತ್ತು. ಅದು ನಿಂತದ್ದು 2000ದ ಮೇ ತಿಂಗಳಲ್ಲಿ. ಆಮೇಲೆ ಒಬ್ಬರು ಉದ್ಯಾನದಲ್ಲಿದ್ದಾರಾ, ಪಕ್ಕದ ರಸ್ತೆಯಲ್ಲಿದ್ದಾರಾ ಅಂತ ಹೇಳುವುದು ಸುಲಭವಾಯಿತು. ಮೈ ಎಷ್ಟು ಅಲುಗಿತು ಅನ್ನೋದನ್ನು ಆಕ್ಸೆಲೆರೊಮೀಟರ್ ಬರೆದಿಡುತ್ತದೆ, ಎಲ್ಲಿದ್ದರು ಅನ್ನೋದನ್ನು ಜಿಪಿಎಸ್. ಎರಡನ್ನೂ ಗಂಟೆ, ನಿಮಿಷ ನೋಡಿ ಹೊಂದಿಸುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 10-11 ವರ್ಷದ ಮಕ್ಕಳಿಗೆ ಎರಡನ್ನೂ ಕಟ್ಟಿ ನೋಡಿದಾಗ, ಶಾಲೆ ಬಿಟ್ಟ ಮೇಲೆ ಹೊರಗಿದ್ದ ಹೊತ್ತಿನಲ್ಲಿ ಅವರ ಚಟುವಟಿಕೆ ಒಳಗಿದ್ದಾಗಿನ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅದೇ ಮಗು, ಅದೇ ಸಂಜೆ. ಬದಲಾದದ್ದು ಜಾಗ. ಇಲ್ಲಿ ಸೋಮಾರಿತನ ಎಲ್ಲಿ ಬಂತು, ಹೇಳಿ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 111 ದೇಶಗಳ 7 ಲಕ್ಷಕ್ಕೂ ಹೆಚ್ಚು ಜನರ ಫೋನುಗಳು ಎಣಿಸಿದ ಹೆಜ್ಜೆಗಳನ್ನು 2017ರಲ್ಲಿ ನಮ್ಮ ಮುಂದಿಟ್ಟರು. ಅಮೆರಿಕದ ನಗರಗಳನ್ನು ಹೋಲಿಸಿದಾಗ, ನಡೆಯಲು ಅನುಕೂಲ ಇದ್ದ ಊರುಗಳಲ್ಲಿ ಎಲ್ಲ ವಯಸ್ಸಿನವರೂ, ತೆಳ್ಳಗಿನವರೂ ದಪ್ಪಗಿನವರೂ ಜಾಸ್ತಿ ನಡೆದಿದ್ದರು. ಅತಿ ಹೆಚ್ಚು ಲಾಭ ಕಂಡದ್ದು ಹೆಂಗಸರಲ್ಲಿ. ಆ ಊರುಗಳಲ್ಲಿ ಮಾತ್ರ ಹೆಂಗಸರಿಗೆ ಮನಸ್ಸು ಗಟ್ಟಿ ಇತ್ತು ಅನ್ನುತ್ತೀರಾ?

ಮನಸ್ಸಷ್ಟೇ ಅಲ್ಲ, ಜಾಗ, ಕೆಲಸವೂ ನಮ್ಮ ಓಡಾಟವನ್ನು ನಿರ್ಧರಿಸುತ್ತವೆ ಅನ್ನುವ ಈ ಮಾತಿಗೆ ಬೇರು ಹಳೆಯದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಬಗ್ಗೆ ಬ್ರಿಟಿಷ್ ವೈದ್ಯ ಜೆರಿ ಮಾರಿಸ್ 1953ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಿಗಿಂತ, ಕೂತು ಓಡಿಸುತ್ತಿದ್ದ ಡ್ರೈವರ್‌ಗಳಿಗೆ ಹೃದಯಾಘಾತ ಜಾಸ್ತಿ. ಆ ಡ್ರೈವರ್‌ನನ್ನು ಸೋಮಾರಿ ಅನ್ನಲು ನಿಮಗೆ ಬಾಯಿ ಬರುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳಗಿನ ಹೊತ್ತು ಈಗ ನಿಮ್ಮದು. ರಾತ್ರಿ ಪಾಳಿ ಮುಗಿಸಿ ಬರುವವಳಿಗೆ, ಬೀದಿ ದೀಪವಿಲ್ಲದ ಕಡೆ ಇರುವವಳಿಗೆ ಆ ಹೊತ್ತು ಸಿಗುವುದಿಲ್ಲ. ಭಾನುವಾರ ಮಾತ್ರ ಬಿಡುವಿರುವವರನ್ನೂ ಗದರಬೇಡಿ. ಸುಮಾರು 90 ಸಾವಿರ ಜನರ ಮಣಿಕಟ್ಟಿನ ದಾಖಲೆ ನೋಡಿದ 2023ರ ಅಧ್ಯಯನದಲ್ಲಿ, ವಾರದ ವ್ಯಾಯಾಮದ ಬಹುಪಾಲನ್ನು ಒಂದೆರಡು ದಿನಕ್ಕೇ ಒತ್ತಿಕೊಂಡವರ ಹೃದಯಕ್ಕೂ, ವಾರವಿಡೀ ಹಂಚಿಕೊಂಡವರಿಗೆ ಸಿಕ್ಕಿದ್ದಕ್ಕೆ ಹೆಚ್ಚುಕಡಿಮೆ ಸಮನಾದ ಲಾಭ ಕಂಡಿತು.

ನನ್ನ ಸಿಟ್ಟು ಬೇರೆ ಕಡೆಗಿದೆ. ಇಂಥ ಒಳ್ಳೆಯ ಸಾಧನವನ್ನು ನಾವು ಜನರನ್ನು ಹಂಗಿಸಲು ಬಳಸುತ್ತಿದ್ದೇವೆ. ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹಿಂದೆ ವೈದ್ಯಕೀಯ ಪರೀಕ್ಷೆ ಇರಲಿಲ್ಲ. ವಯಸ್ಸಾದ ಹೆಂಗಸರ ಮೇಲೆ ನಡೆದ 2019ರ ಅಧ್ಯಯನದಲ್ಲಿ ಸುಮಾರು 7,500 ಹೆಜ್ಜೆಯ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದರೂ ಹೆಜ್ಜೆ ಎಣಿಸುವ ಕೈಗಡಿಯಾರ ಗುರಿ ಮುಟ್ಟಿಲ್ಲ ಅಂತ ಗೊಣಗುತ್ತಲೇ ಇರುತ್ತದೆ. ರಸ್ತೆ ಅಗಲ ಮಾಡುವ ಮುಂಚೆ ವಾಹನ ಎಣಿಸುತ್ತೇವೆ. ನಡೆಯುವವರನ್ನು ಎಣಿಸುವವರು ಎಷ್ಟು ಜನ? ಲೆಕ್ಕದಲ್ಲಿ ಇಲ್ಲದವರಿಗೆ ಕಾಲುದಾರಿಯೂ ಇಲ್ಲ. ಯಾವ ಬೀದಿಯಲ್ಲಿ ಜನ ನಡೆಯುತ್ತಾರೆ, ಕತ್ತಲಾದ ಮೇಲೆ ಯಾವುದರಿಂದ ದೂರ ಸರಿಯುತ್ತಾರೆ ಅನ್ನೋದು ಕಂಪನಿಗಳ ಕಂಪ್ಯೂಟರಿನಲ್ಲಿ ಸುಮ್ನೆ ಬಿದ್ದಿದೆ. ಹೆಸರು, ಮನೆ ಗುರುತು ಅಳಿಸಿದ ಆ ಮಾಹಿತಿ ಊರು ಕಟ್ಟುವವರ ಮೇಜಿಗೆ ಬರಬೇಕು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಯಾರಾದರೂ ಸಂಶೋಧಕರು ಒಂದು ವಾರ ಸೆನ್ಸರ್ ಕಟ್ಟಿಕೊಳ್ಳುತ್ತೀರಾ ಅಂತ ಕೇಳಿದರೆ, ತಕ್ಷಣ ಬೇಡ ಅನ್ನಬೇಡಿ. ಮಾಹಿತಿ ಯಾರ ಕೈ ಸೇರುತ್ತದೆ, ಎಷ್ಟು ಕಾಲ ಇಡುತ್ತಾರೆ, ಮನೆಯ ಸುತ್ತಲಿನ ದಾರಿಯನ್ನು ಅಳಿಸುತ್ತಾರಾ ಅಂತ ವಿಚಾರಿಸಿ. ಉತ್ತರ ಸರಿ ಅನಿಸಿದರೆ ಕಟ್ಟಿಕೊಳ್ಳಿ.